ಸಿರಿಧಾನ್ಯ ಬಾರ್: ಪೊಟ್ಟಣದ ಮೇಲಿನ ದಿನಾಂಕ ಎಲ್ಲಿಂದ ಬರಬೇಕು?

(ಸಿರಿಧಾನ್ಯದ ತಿಂಡಿ ತಯಾರಿಸುವ ಸಣ್ಣ ಉದ್ದಿಮೆದಾರರು ಮತ್ತು ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಬಾರ್ ಇಟ್ಟಿದ್ದೇವೆ. ಎರಡೂ ಒಂದೇ ಅಳತೆಯಲ್ಲಿ ಮಾಡಿದವು: ರಾಗಿ ಅರಳು, ಜೋಳದ ಅರಳು, ಶೇಂಗಾ, ಎಳ್ಳು, ಬೆಲ್ಲ. ಒಂದು ನಿನ್ನೆ ಮಾಡಿದ್ದು, ಇನ್ನೊಂದಕ್ಕೆ ನಾಲ್ಕು ತಿಂಗಳಾಗಿದೆ. ಹಳೆಯದನ್ನು ಬಿಚ್ಚಿ ನೋಡಿ. ಬೂಷ್ಟು ಹಿಡಿದಿಲ್ಲ, ಹುಳ ಬಿದ್ದಿಲ್ಲ, ಬಣ್ಣ ಸ್ವಲ್ಪ ಗಾಢವಾಗಿದೆ ಅಷ್ಟೆ. ಆದರೆ ಮೂಗಿನ ಹತ್ತಿರ ತಂದರೆ ಹಳೇ ಎಣ್ಣೆಯ ಕಮಟು. ಕಚ್ಚಿದರೆ ಅರಳು ಗರಿ ಅನ್ನುವುದಿಲ್ಲ, ಇಡೀ ಬಾರು ತೊಗಲಿನ ಹಾಗೆ ಎಳೆಯುತ್ತದೆ. ಇದನ್ನು ತಿಂದವರು ಕಾಯಿಲೆ ಬೀಳುವುದಿಲ್ಲ. ಎರಡನೇ ಸಲ ಕೊಳ್ಳುವುದೂ ಇಲ್ಲ.

ಒಣ ತಿಂಡಿಯ ಬಾಳಿಕೆ ಎಂದರೆ ಏನೆಂಬುದು ಇಲ್ಲೇ ಇದೆ. ಹಾಲು ಒಡೆಯುತ್ತದೆ, ಅನ್ನ ಹಳಸುತ್ತದೆ, ಕಣ್ಣಿಗೆ ಕಾಣುತ್ತದೆ. ಬಾರು ಹಾಗೆ ಕೆಡುವುದಿಲ್ಲ, ತಿನ್ನುವವರಿಗೆ ಬೇಡವಾಗುತ್ತದೆ. ಆ ಬೇಡವಾಗುವ ದಿನ ಯಾವುದು ಎಂದು ತಿಳಿಯುವುದೇ ಬಾಳಿಕೆಯ ಅಧ್ಯಯನ. ಅಂಗಡಿಯಲ್ಲಿರುವ ದೊಡ್ಡ ಕಂಪನಿಯ ಬಾರಿನ ಹಿಂಬದಿ ನೋಡಿ, ಅಲ್ಲಿರುವ 'ಆರು ತಿಂಗಳು' ಎಂಬುದನ್ನೇ ನಮ್ಮ ಪೊಟ್ಟಣದ ಮೇಲೂ ಅಚ್ಚು ಹಾಕಿಸುವ ಅಭ್ಯಾಸ ತುಂಬ ಕಡೆ ಇದೆ. ಅವರ ಪಾಕ ಬೇರೆ, ಪೊಟ್ಟಣ ಬೇರೆ, ಎಣ್ಣೆ ಬೇರೆ. ಅವರ ದಿನಾಂಕ ನಮ್ಮದಾಗಲು ಸಾಧ್ಯವಿಲ್ಲ.

ಮೊದಲು ಕಾಳಿನ ಮಾತು. ಹಳೇ ಮೈಸೂರಿನ ಹಳ್ಳಿಗಳಲ್ಲಿ ರಾಗಿಯನ್ನು ನೆಲದಡಿಯ ಹಗೇವಿಗೆ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಸಜ್ಜೆ ರೊಟ್ಟಿ ತಟ್ಟುವ ಮನೆಗಳಲ್ಲಿ ಸಜ್ಜೆಯನ್ನು ಕೆಲವೇ ದಿನಕ್ಕಾಗುವಷ್ಟು ಬೀಸಿಸಿಕೊಂಡು ಬರುತ್ತಾರೆ, ಹಿಟ್ಟು ಇಟ್ಟರೆ ಕಹಿಯಾಗುತ್ತದೆಂದು. ಎರಡರ ಹಿಂದೆ ಇರುವ ಕಾರಣ ಒಂದೇ. ಕಾಳಿನ ಎಣ್ಣೆ ಹೆಚ್ಚಾಗಿ ಮೊಳಕೆಯ ಭಾಗದಲ್ಲಿ, ತವುಡಿನಲ್ಲಿ ಇರುತ್ತದೆ. ಆ ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಅಲ್ಲೇ ಪಕ್ಕದಲ್ಲಿರುತ್ತದೆ. ಕಾಳು ಇಡಿಯಾಗಿರುವ ತನಕ ಇವೆರಡೂ ಮುಟ್ಟಿಕೊಳ್ಳುವುದಿಲ್ಲ. ಬೀಸಿದ ಕ್ಷಣದಿಂದ ಮುಟ್ಟಿಕೊಳ್ಳುತ್ತವೆ. ಜೊತೆಗೆ ಎಣ್ಣೆಯ ಪ್ರಮಾಣದ ಲೆಕ್ಕ: 100 ಗ್ರಾಂ ಸಜ್ಜೆಯಲ್ಲಿ ಎಣ್ಣೆ 5 ಗ್ರಾಂ ದಾಟುತ್ತದೆ. ನವಣೆ, ಸಾಮೆಯಲ್ಲಿ 4 ಗ್ರಾಂ ಆಸುಪಾಸು. ರಾಗಿ, ಜೋಳದಲ್ಲಿ 2 ಗ್ರಾಂ ಒಳಗೆ.

ಆದ್ದರಿಂದ ಮೊದಲ ಬಾರ್ ಮಾಡುವವರು ರಾಗಿ ಮತ್ತು ಜೋಳದಿಂದ ಶುರು ಮಾಡಲಿ ಎಂಬುದು ನಮ್ಮ ಸಲಹೆ. ಸಜ್ಜೆಯೇ ಬೇಕೆಂದರೆ ಬೀಸುವ ಮೊದಲು ಕಿಣ್ವವನ್ನು ಕೊಲ್ಲಬೇಕು: ಒಂದು ಪಾಲು ಸಜ್ಜೆಗೆ ಐದು ಪಾಲು ಕುದಿಯುವ ನೀರು, ಅದರಲ್ಲಿ 30 ಸೆಕೆಂಡ್, ಕೂಡಲೇ ಬಸಿದು, ತೆಳ್ಳಗೆ ಹರಡಿ, ಡ್ರೈಯರ್‌ನಲ್ಲಿ 50–60 ಡಿಗ್ರಿಯಲ್ಲಿ ತೇವಾಂಶ ಶೇ. 10ಕ್ಕಿಂತ ಕೆಳಗಿಳಿಯುವ ತನಕ ಒಣಗಿಸುವುದು. ಪಾಲಿಶ್ ಮಾಡದ ನವಣೆ ಬಳಸುವವರಿಗೆ ಒಂದು ಮಾತು. ತವುಡು ಉಳಿದಷ್ಟೂ ನಾರು ಉಳಿಯುತ್ತದೆ ನಿಜ, ಆದರೆ ಎಣ್ಣೆಯೂ ಉಳಿಯುತ್ತದೆ, ಕೊನೆಯಲ್ಲಿ ನಾಲಿಗೆಯ ಮೇಲೆ ನಿಲ್ಲುವ ಕಹಿ, ಒಗರೂ ಉಳಿಯುತ್ತವೆ. ನಾರಿಗಾಗಿ ಪಾಲಿಶ್ ಮಾಡದ ಕಾಳನ್ನೇ ಹಾಕುವುದಾದರೆ ಬಾಳಿಕೆಯನ್ನು ಕಡಿಮೆ ಬರೆಯಿರಿ.

ಬಾರಿಗೆ ಹಿಟ್ಟಿಗಿಂತ ಅರಳು ಉತ್ತಮ. ನಾಗರ ಪಂಚಮಿಗೆ ಜೋಳದ ಅಳ್ಳು ಹುರಿಯುವವರಿಗೆ, ಹುರಿಹಿಟ್ಟಿಗೆ ರಾಗಿ ಅರಳಿಸುವವರಿಗೆ ಈ ಕೆಲಸ ಹೊಸದಲ್ಲ. ಅಷ್ಟು ಬಿಸಿಯಲ್ಲಿ ಕಿಣ್ವವೂ ಸಾಯುತ್ತದೆ, ಹುರಿದ ಪರಿಮಳವೂ ಬರುತ್ತದೆ. ಅಳತೆ ಮಾತ್ರ ನಿಖರವಾಗಿರಲಿ. ಮಾರುಕಟ್ಟೆಯ ರಾಗಿಯಲ್ಲಿ ತೇವಾಂಶ ಶೇ. 11ರ ಹತ್ತಿರ ಇರುತ್ತದೆ; ಅರಳಲು ಶೇ. 18–20 ಬೇಕು. ಒಂದು ಕಿಲೋ ರಾಗಿಗೆ 100 ಮಿಲಿ ನೀರು ಚಿಮುಕಿಸಿ, ಕೈಯಾಡಿಸಿ, ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಶೇ. 19ಕ್ಕೆ ಬರುತ್ತದೆ. ಮಾರನೇ ದಿನ 220–230 ಡಿಗ್ರಿಗೆ ಕಾದ ಮರಳಿನಲ್ಲೋ ಉಪ್ಪಿನಲ್ಲೋ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಬೇಕು. ಒಮ್ಮೆಗೇ ಹೆಚ್ಚು ಸುರಿದರೆ ಮರಳು ತಣ್ಣಗಾಗಿ ಕಾಳು ಅರಳದೆ ಸುಮ್ಮನೆ ಹುರಿಯುತ್ತದೆ. ಅರಳದ ಕಾಳನ್ನು ಜರಡಿ ಹಿಡಿದು ಪೂರ್ತಿ ತೆಗೆಯಿರಿ. ಬಾರು ತಿಂದವರು 'ಕಲ್ಲು ಸಿಕ್ಕಿತು' ಎನ್ನುವುದು ಬಹಳ ಸಲ ಇದೇ ಕಾಳಿನಿಂದ. ಮರಳಿನಲ್ಲಿ ಹುರಿದಿದ್ದರೆ ನಿಜವಾದ ಮರಳೂ ಇರಬಹುದು. ಮಾರಾಟಕ್ಕೆ ಮಾಡುವವರು ಬಿಸಿಗಾಳಿಯಲ್ಲಿ ಅರಳಿಸುವ ಯಂತ್ರಕ್ಕೆ ಹೋಗುವುದು ಒಳ್ಳೆಯದು.

ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ

ಇವತ್ತಿನ ಮಾತಿನಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ತಿಂಡಿಯಲ್ಲಿ ನೀರು ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಆ ನೀರಿನಲ್ಲಿ ಎಷ್ಟು ಬಿಡುವಾಗಿದೆ ಎಂಬುದು ಬೇರೆ ಪ್ರಶ್ನೆ. ಸಕ್ಕರೆ, ಬೆಲ್ಲ, ಉಪ್ಪು ನೀರನ್ನು ಹಿಡಿದುಕೊಂಡಿರುತ್ತವೆ. ಹಿಡಿತಕ್ಕೆ ಸಿಗದ ನೀರಿನ ಅಳತೆಗೆ ವಾಟರ್ ಆಕ್ಟಿವಿಟಿ ಎನ್ನುತ್ತಾರೆ; ಶುದ್ಧ ನೀರಿಗೆ 1, ಪೂರ್ತಿ ಒಣಗಿದ್ದಕ್ಕೆ 0. ಈ ಅಂಕ 0.6ಕ್ಕಿಂತ ಕೆಳಗಿದ್ದರೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. 0.7ರ ಹತ್ತಿರ ಹೋದರೆ ಒಣಗಿದ್ದರಲ್ಲೂ ಬದುಕುವ ಬೂಷ್ಟುಗಳು ನಿಧಾನವಾಗಿ ಏಳುತ್ತವೆ. ಗರಿಗರಿ ಹೋಗುವುದು 0.4–0.5ರ ನಡುವೆ.

ಒಣದ್ರಾಕ್ಷಿಯಲ್ಲಿ ನೀರು ಶೇ. 15ರಷ್ಟಿದೆ, ಅದರ ಅಂಕ 0.55 ಆಸುಪಾಸು. ರಾಗಿ ಅರಳಿನಲ್ಲಿ ಶೇ. 4–5 ನೀರು, ಅಂಕ 0.3. ಎರಡನ್ನೂ ಒಂದೇ ಪೊಟ್ಟಣದಲ್ಲಿಟ್ಟರೆ ದ್ರಾಕ್ಷಿಯ ನೀರು ಅರಳಿಗೆ ಹರಿಯುತ್ತದೆ, ಇಬ್ಬರ ಅಂಕವೂ ಒಂದಾಗುವ ತನಕ. ಎರಡು ವಾರ ಬಿಟ್ಟು ನೋಡಿದರೆ ದ್ರಾಕ್ಷಿ ಕಲ್ಲಾಗಿರುತ್ತದೆ, ಅರಳು ಮೆತ್ತಗಾಗಿರುತ್ತದೆ. ಹೊರಗಿನಿಂದ ಒಂದು ಹನಿ ತೇವವೂ ಬಂದಿಲ್ಲ. ಪೊಟ್ಟಣ ಎಷ್ಟೇ ಚೆನ್ನಾಗಿದ್ದರೂ ಇದು ಆಗುತ್ತದೆ. ಪಾಕ ಮತ್ತು ಅರಳಿನ ನಡುವೆಯೂ ಇದೇ ವ್ಯವಹಾರ ನಡೆಯುತ್ತದೆ. ಪಾಕದ ನೀರನ್ನು ಅರಳು ಕುಡಿದಷ್ಟೂ ಪಾಕ ಗಟ್ಟಿಯಾಗುತ್ತದೆ. ಮೊದಲ ವಾರ ಮೃದುವಾಗಿದ್ದ ಬಾರು ತಿಂಗಳಿಗೆ ಬಿರುಸಾಗಲು ಇದು ಒಂದು ಕಾರಣ, ಪಾಕದಲ್ಲಿ ಸಕ್ಕರೆ ಮತ್ತೆ ಹರಳುಗಟ್ಟುವುದು ಇನ್ನೊಂದು.

ಹಾಗಾದರೆ ಮೊದಲು ತೀರ್ಮಾನ ಮಾಡಿ: ನಿಮ್ಮ ಬಾರು ಚಿಕ್ಕಿಯ ಜಾತಿಯೋ, ಅಂಟಿನ ಉಂಡೆಯ ಹಾಗೆ ಅಗಿಯುವ ಜಾತಿಯೋ? ಚಿಕ್ಕಿಯ ಜಾತಿಯಾದರೆ ಪಾಕವನ್ನು ಗಟ್ಟಿಗೆ ಕಾಯಿಸಿ, ಅಂಕ 0.3ರ ಕೆಳಗೆ ಇಳಿಸಬಹುದು. ಅರಳು ಗರಿಗರಿಯಾಗಿಯೇ ಉಳಿಯುತ್ತದೆ. ಅಗಿಯುವ ಜಾತಿಯಾದರೆ ಅಂಕ 0.5ರ ಸುತ್ತ ನಿಲ್ಲುತ್ತದೆ, ಅರಳಿನ ಗರಿ ಉಳಿಯುವುದಿಲ್ಲ. ಅಲ್ಲಿ ಕಚ್ಚುವ ಸುಖವನ್ನು ಹುರಿದ ಶೇಂಗಾ, ಎಳ್ಳು ಕೊಡಬೇಕು. ಮೃದುವಾದ ಪಾಕದಲ್ಲಿ ಗರಿಗರಿ ಅರಳು, ಅದೂ ಮೂರು ತಿಂಗಳು, ಎಂಬುದು ನಡೆಯುವ ಮಾತಲ್ಲ. ಅರಳಿಗೆ ಮೊದಲೇ ತುಪ್ಪ ಸವರಿದರೆ ನೀರು ಇಳಿಯುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ವಾಟರ್ ಆಕ್ಟಿವಿಟಿ ಅಳೆಯುವ ಯಂತ್ರ ದುಬಾರಿ. ಅಂದಾಜಿಗೆ ಒಂದು ದಾರಿ ಇದೆ. ಬಿಗಿಯಾದ ಮುಚ್ಚಳದ ಗಾಜಿನ ಜಾಡಿ, ಒಳಗೆ ಹಿಡಿಸುವ ಪುಟ್ಟ ಡಿಜಿಟಲ್ ತೇವಮಾಪಕ. ಬಾರನ್ನು ಸಣ್ಣಗೆ ಕತ್ತರಿಸಿ ಜಾಡಿಯ ಮುಕ್ಕಾಲು ತುಂಬಿಸಿ, ಮಾಪಕ ಇಟ್ಟು, ಮುಚ್ಚಿ, ಬಿಸಿಲು ಫ್ಯಾನ್ ಇಲ್ಲದ ಕಡೆ ಆರು ಗಂಟೆ ಬಿಡಿ. ಅಂಕಿ ಬದಲಾಗದೆ ನಿಂತಾಗ ಓದಿ. ಒಳಗಿನ ಗಾಳಿಯ ತೇವ ಶೇ. 52 ಎಂದು ತೋರಿಸಿದರೆ ಬಾರಿನ ಅಂಕ 0.52. ಮಾಪಕವನ್ನು ನಂಬುವ ಮೊದಲು ಪರೀಕ್ಷಿಸಿ: ಬಟ್ಟಲಲ್ಲಿ ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ ಗಂಜಿಯ ಹಾಗೆ ಕಲಸಿ, ಅದೇ ಜಾಡಿಯಲ್ಲಿ ಮಾಪಕದ ಜೊತೆ ಮುಚ್ಚಿಡಿ. ಮಾಪಕ 75 ತೋರಿಸಬೇಕು. 71 ತೋರಿಸಿದರೆ ನಿಮ್ಮ ಓದಿಗೆ 4 ಸೇರಿಸಿಕೊಳ್ಳಿ.

ಪಾಕ

ಒಂದು ಕಿಲೋಗೆ ಹತ್ತಿರದ ಅಳತೆ ಹೇಳುತ್ತೇವೆ, ಅಗಿಯುವ ಜಾತಿಯ ಬಾರಿಗೆ. ರಾಗಿ ಮತ್ತು ಜೋಳದ ಅರಳು ಸೇರಿ 300 ಗ್ರಾಂ. ಹುರಿದು ಸಿಪ್ಪೆ ತೆಗೆದು ಎರಡು ಹೋಳಾದ ಶೇಂಗಾ 170 ಗ್ರಾಂ. ಹುರಿಗಡಲೆ 70, ಹುರಿದ ಬಿಳಿ ಎಳ್ಳು 60. ಪಾಕಕ್ಕೆ ಬೆಲ್ಲ 260 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 80 ಗ್ರಾಂ, ತುಪ್ಪ 25 ಗ್ರಾಂ, ಉಪ್ಪು 3 ಗ್ರಾಂ, ಬೆಲ್ಲ ಕರಗಿಸಲು ನೀರು 60 ಮಿಲಿ. ಬೆಲ್ಲ ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಆಮೇಲೆ ಕಾಯಿಸಿ.

ಉಷ್ಣಮಾಪಕ ಇಲ್ಲದೆ ಮಾರಾಟದ ಬಾರು ಮಾಡಬೇಡಿ. ಪಾಕ 118–120 ಡಿಗ್ರಿಗೆ ಬಂದಾಗ ಅದರಲ್ಲಿ ನೀರು ಶೇ. 12–13 ಉಳಿದಿರುತ್ತದೆ, ಅಡುಗೆಮನೆಯ ಮಾತಿನಲ್ಲಿ ಇದು ಉಂಡೆ ಪಾಕ, ತಣ್ಣೀರಿಗೆ ಹನಿ ಬಿಟ್ಟರೆ ಬೆರಳಲ್ಲಿ ಉರುಟಾಗುತ್ತದೆ, ಒತ್ತಿದರೆ ಚಪ್ಪಟೆಯಾಗುತ್ತದೆ. 140ಕ್ಕೆ ಹೋದರೆ ನೀರು ಶೇ. 5ಕ್ಕೆ ಇಳಿದು ಚಿಕ್ಕಿಯ ಪಾಕವಾಗುತ್ತದೆ. ನೀರಿಗೆ ಬಿಟ್ಟ ಹನಿ ಮುರಿಯುತ್ತದೆ.

ಇಲ್ಲಿ ತುಂಬ ಜನ ಎಡವುವ ಒಂದು ಜಾಗವಿದೆ. ಪುಸ್ತಕದ ಈ ಡಿಗ್ರಿಗಳು ಸಮುದ್ರಮಟ್ಟದವು. ಎತ್ತರ ಹೆಚ್ಚಿದಂತೆ ನೀರು ಬೇಗ ಕುದಿಯುತ್ತದೆ, 300 ಮೀಟರಿಗೆ ಒಂದು ಡಿಗ್ರಿಯಂತೆ. ಮಂಗಳೂರಿನಲ್ಲಿ ನೀರು 100ಕ್ಕೆ ಕುದಿದರೆ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೆ ಕುದಿಯುತ್ತದೆ, ಮಡಿಕೇರಿಯಲ್ಲಿ 96ಕ್ಕೆ. ಪಾಕಕ್ಕೂ ಅದೇ ಕಡಿತ. ಮಂಗಳೂರಿನ 119 ಡಿಗ್ರಿಯ ಪಾಕ ಬೆಂಗಳೂರಿನಲ್ಲಿ 116ಕ್ಕೇ ಆಗಿಬಿಟ್ಟಿರುತ್ತದೆ. ಬೆಂಗಳೂರಿನಲ್ಲಿ ಕೂತು 120ರ ತನಕ ಕಾಯಿಸಿದರೆ ಬಾರು ಹಲ್ಲಿಗೆ ಗಟ್ಟಿ. ಡಿಗ್ರಿಯನ್ನು ಬಾಯಿಪಾಠ ಮಾಡುವ ಬದಲು ನಿಮ್ಮ ಒಲೆಯ ಮೇಲೆ ಬರೀ ನೀರು ಎಷ್ಟಕ್ಕೆ ಕುದಿಯುತ್ತದೆ ನೋಡಿ, ಅದಕ್ಕೆ 19 ಸೇರಿಸಿ. ಮಾಪಕದಲ್ಲಿ ದೋಷವಿದ್ದರೆ ಅದೂ ಇದರಲ್ಲೇ ಸರಿಹೋಗುತ್ತದೆ.

ಬೆಲ್ಲ ಊರಿಂದೂರಿಗೆ, ಕಂತಿನಿಂದ ಕಂತಿಗೆ ಬದಲಾಗುವ ವಸ್ತು. ಮಳೆಗಾಲ ದಾಟಿದ ಹಳೇ ಬೆಲ್ಲದಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚಾಗಿರುತ್ತವೆ. ಅಂಥ ಬೆಲ್ಲ ಗಾಳಿಯ ತೇವವನ್ನು ಎಳೆದುಕೊಂಡು ಒಸರುತ್ತದೆ, ಬಾರಿನಲ್ಲೂ ಅದೇ ಗುಣ ತೋರಿಸುತ್ತದೆ. ಅಚ್ಚನ್ನು ಒಡೆದಾಗ ಹರಳು ಮಿನುಗಿ ಗಟ್ಟಿಯಾಗಿ ಮುರಿದರೆ ಒಳ್ಳೆಯದು. ಬೆರಳಿಗೆ ಅಂಟಿದರೆ ಬಾರಿಗೆ ಬೇಡ. ಲಿಕ್ವಿಡ್ ಗ್ಲೂಕೋಸ್ ಹಾಕುವುದು ಸಕ್ಕರೆ ಮತ್ತೆ ಹರಳುಗಟ್ಟದಿರಲೆಂದು. ಬೆಲ್ಲವೇ ಮೆತ್ತಗಿದ್ದರೆ ಅದನ್ನು 80ರಿಂದ 50 ಗ್ರಾಂಗೆ ಇಳಿಸಿ. ಜೇನುತುಪ್ಪ ಹೆಚ್ಚು ಹಾಕಿದವರ ಬಾರು ಕರಾವಳಿಯ ಮಳೆಗಾಲದಲ್ಲಿ ಕೈಗಂಟುವುದಕ್ಕೂ ಕಾರಣ ಇದೇ, ಫ್ರಕ್ಟೋಸ್ ನೀರಿಗೆ ಹಂಬಲಿಸುವ ಸಕ್ಕರೆ.

ಒಲೆಯಿಂದ ಇಳಿಸಿದ ಮೇಲೆ ಸಮಯ ಕಡಿಮೆ. ಅರಳು, ಬೀಜಗಳನ್ನು ಮೊದಲೇ 60 ಡಿಗ್ರಿಯಷ್ಟು ಬೆಚ್ಚಗಿಟ್ಟಿರಿ. ತಣ್ಣನೆಯ ಅರಳಿಗೆ ಪಾಕ ಸುರಿದರೆ ಅಲ್ಲಲ್ಲೇ ಗಂಟುಕಟ್ಟುತ್ತದೆ, ಉಳಿದ ಭಾಗ ಒಣಗಿ ಉದುರುತ್ತದೆ. ಕತ್ತರಿಸುವಾಗ ಪುಡಿಯಾಗುವ ಬಾರಿನ ಕಥೆ ಬಹುಪಾಲು ಇದೇ. ಕಲಸಿ, 12 ಮಿಲಿಮೀಟರ್ ದಪ್ಪಕ್ಕೆ ಸಮನಾಗಿ ಒತ್ತಿ. ಜೋರಾಗಿ ಒತ್ತಿದರೆ ಅರಳು ಜಜ್ಜಿಹೋಗುತ್ತದೆ. ಮೈ 45–50 ಡಿಗ್ರಿ ಇರುವಾಗ ಕತ್ತರಿಸಿ. ಪೂರ್ತಿ ತಣ್ಣಗಾಗದೆ ಪೊಟ್ಟಣಕ್ಕೆ ಹಾಕಬೇಡಿ. ಒಳಗೆ ಆವಿ ಹನಿಗಟ್ಟಿ ಒಂದು ಮೂಲೆಯಲ್ಲಿ ನೀರಾದರೆ ಇಡೀ ಬಾರಿನ ಸರಾಸರಿ ಅಂಕ 0.5 ಇದ್ದರೂ ಆ ಮೂಲೆಯಲ್ಲಿ ಬೂಷ್ಟು ಬರುತ್ತದೆ. ಹಾಗೆಂದು ಬಿಚ್ಚಿಟ್ಟು ಸಂಜೆಯ ತನಕ ಬಿಡುವುದೂ ತಪ್ಪು. ಕೋಣೆಯ ತೇವ ಶೇ. 50ಕ್ಕಿಂತ ಹೆಚ್ಚಿದ್ದರೆ ಬಾರು ಅಲ್ಲೇ ತೇವ ಕುಡಿಯಲು ಶುರುಮಾಡುತ್ತದೆ.

ಎಣ್ಣೆ ಮತ್ತು ಕಮಟು

ಈ ಬಾರಿನಲ್ಲಿ ಕಾಳಿನ ಎಣ್ಣೆಗಿಂತ ಶೇಂಗಾದ ಎಣ್ಣೆ ಎಷ್ಟೋ ಪಾಲು ಹೆಚ್ಚು. ಶೇಂಗಾದ ಅರ್ಧದಷ್ಟು ತೂಕ ಎಣ್ಣೆಯೇ. ಕಮಟು ಶುರುವಾಗುವುದೂ ಹೆಚ್ಚಾಗಿ ಅಲ್ಲಿಂದಲೇ. ಗಾಳಿಯ ಆಮ್ಲಜನಕ, ಬೆಳಕು, ಬಿಸಿ, ಕಬ್ಬಿಣ ಅಥವಾ ತಾಮ್ರದ ಸೋಂಕು, ಇವು ಎಣ್ಣೆಯನ್ನು ಒಡೆಯುತ್ತವೆ. ಕೆಲಸದ ಪಾತ್ರೆಗಳೆಲ್ಲ ಸ್ಟೀಲಿನವಾಗಿರಲಿ. ಸುರುಟಿದ, ಬಣ್ಣಗೆಟ್ಟ, ಮುಗ್ಗಲು ವಾಸನೆಯ ಶೇಂಗಾ ಕಾಳನ್ನು ಕೈಯಿಂದ ಆರಿಸಿ ತೆಗೆಯಿರಿ. ಅದು ರುಚಿಗಾಗಿ ಮಾತ್ರವಲ್ಲ, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಅಂಥ ಕಾಳುಗಳಲ್ಲೇ ಸೇರಿಕೊಂಡಿರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಓವನ್‌ನಲ್ಲಿ 150–160 ಡಿಗ್ರಿಯಲ್ಲಿ 15–20 ನಿಮಿಷ ಹುರಿದು, ಕೂಡಲೇ ಹರಡಿ ಆರಿಸಿ. ರಾಶಿಯಾಗಿ ಬಿಟ್ಟರೆ ಒಳಗಿನ ಬಿಸಿಯಲ್ಲೇ ಹುರಿತ ಮುಂದುವರಿಯುತ್ತದೆ. ಹುರಿದ ಶೇಂಗಾ ಹಸಿ ಶೇಂಗಾ ಇದ್ದ ಮೊರ, ಚೀಲ, ಕೈಗಳನ್ನು ಮತ್ತೆ ಮುಟ್ಟಬಾರದು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬಾರಿನಲ್ಲಿ ಬೆಳೆಯದಿದ್ದರೂ ತಿಂಗಳುಗಟ್ಟಲೆ ಬದುಕಿರಬಲ್ಲದು.

ಆರೋಗ್ಯಕ್ಕೆಂದು ಅಗಸೆ ಪುಡಿ ಹಾಕುವವರಿದ್ದಾರೆ. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ–3. ಅಷ್ಟು ಬೇಗ ಕೆಡುವ ಎಣ್ಣೆ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಇಡಿ ಕಾಳಾಗಿ ಹಾಕಿ, ಪುಡಿ ಮಾಡಿ ಹಾಕಬೇಡಿ. ಕೊಬ್ಬರಿಯದು ಬೇರೆ ಕಥೆ: ಅದರ ಎಣ್ಣೆ ಆಮ್ಲಜನಕಕ್ಕೆ ಜಗ್ಗುವುದಿಲ್ಲ, ಆದರೆ ತೇವ ತಗುಲಿ ಲೈಪೇಸ್ ಕೆಲಸ ಮಾಡಿದರೆ ಲಾರಿಕ್ ಆಮ್ಲ ಬಿಡುಗಡೆಯಾಗಿ ಸೋಪಿನ ರುಚಿ ಬರುತ್ತದೆ. ಎಳ್ಳು ಮಾತ್ರ ಈ ವಿಷಯದಲ್ಲಿ ನಮ್ಮ ನೆಂಟ. ಅದರಲ್ಲಿ ಸೆಸಮಾಲ್, ಸೆಸಮಾಲಿನ್‌ಗಳಿದ್ದು ಎಣ್ಣೆಯನ್ನು ಕಾಯುತ್ತವೆ. ನಮ್ಮ ಅಳತೆಯಲ್ಲಿ ಅಗಸೆಯ ಜಾಗದಲ್ಲಿ ಎಳ್ಳು ಇರುವುದು ಅದಕ್ಕೇ.

ಎಣ್ಣೆ ಆಮ್ಲಜನಕದ ಜೊತೆ ಸೇರಿದಾಗ ಮೊದಲು ಹುಟ್ಟುವುದು ಪೆರಾಕ್ಸೈಡ್; ಲ್ಯಾಬಿನಲ್ಲಿ ಕಮಟನ್ನು ಅದರ ಅಂಕದಿಂದ ಅಳೆಯುತ್ತಾರೆ. ಕಿಲೋ ಎಣ್ಣೆಗೆ 10 ಮಿಲಿಈಕ್ವಿವಲೆಂಟ್‌ಗಿಂತ (ವರದಿಯಲ್ಲಿ meq) ಕೆಳಗಿದ್ದರೆ ತಾಜಾ ಎಂದು ಲೆಕ್ಕ. ವರದಿ ಓದುವಾಗ ಒಂದು ಎಚ್ಚರ ಬೇಕು. ಪೆರಾಕ್ಸೈಡ್ ಏರಿ, ಒಂದು ಹಂತದ ನಂತರ ತಾನೇ ಒಡೆದು ಇಳಿಯುತ್ತದೆ. ಒಡೆದಾಗ ಹುಟ್ಟುವ ಹೆಕ್ಸನಾಲ್‌ನಂಥ ವಸ್ತುಗಳೇ ಮೂಗಿಗೆ ಬರುವ ಕಮಟು. ಐದನೇ ತಿಂಗಳ ಒಂದೇ ಒಂದು ವರದಿಯಲ್ಲಿ ಅಂಕ ಕಡಿಮೆ ಇದ್ದರೆ ಬಾರು ತಾಜಾ ಇದೆಯೆಂದು ಅರ್ಥವಲ್ಲ, ಶಿಖರ ದಾಟಿ ಇಳಿದಿರಬಹುದು. ಸಾಲಾಗಿ ತೆಗೆದ ನಾಲ್ಕೈದು ಓದುಗಳಿದ್ದರೆ ಮಾತ್ರ ಆ ಅಂಕಿಗೆ ಬೆಲೆ.

ಪೊಟ್ಟಣ

ಒಂದು ಲೆಕ್ಕ ಮಾಡೋಣ. ಬಾರು 40 ಗ್ರಾಂ, ಪೊಟ್ಟಣ 16 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಎರಡು ಮೈ ಸೇರಿ 192 ಚದರ ಸೆಂ.ಮೀ., ಅಂದರೆ 0.0192 ಚದರ ಮೀಟರ್. ಮೆಟಲೈಸ್ಡ್ ಪಾಲಿಯೆಸ್ಟರ್ ಮತ್ತು ಪಾಲಿಥಿನ್ ಜೋಡಿಸಿದ ಹಾಳೆ, 38 ಡಿಗ್ರಿ, ಶೇ. 90 ತೇವದಲ್ಲಿ ದಿನಕ್ಕೆ ಚದರ ಮೀಟರಿಗೆ 1 ಗ್ರಾಂ ನೀರಾವಿ ಬಿಡುತ್ತದೆ ಎಂದಿಟ್ಟುಕೊಳ್ಳಿ. ಬಾರಿನ ಅಂಕ 0.5 ಆದ್ದರಿಂದ ಒಳಹೊರಗಿನ ವ್ಯತ್ಯಾಸ 90 ಅಲ್ಲ, 40. ಗುಣಿಸಿದರೆ 90 ದಿನಕ್ಕೆ ಒಳಬರುವ ನೀರು 0.77 ಗ್ರಾಂ, ಬಾರಿನ ತೂಕದ ಶೇ. 2ರೊಳಗೆ. ತಡೆದುಕೊಳ್ಳಬಹುದು. ಅದೇ ಬರೀ 20 ಮೈಕ್ರಾನಿನ ಬಿಒಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಹಾಳೆಯಾದರೆ ದಿನಕ್ಕೆ ಚದರ ಮೀಟರಿಗೆ 5 ಗ್ರಾಂ ಬಿಡುತ್ತದೆ, ಒಳಬರುವ ನೀರೂ ಐದು ಪಟ್ಟು, 3.8 ಗ್ರಾಂ. ಪೊಟ್ಟಣಕ್ಕೆ ಉಳಿಸಿದ ಪೈಸೆಗಳಲ್ಲಿ ಬಾರು ಒದ್ದೆಯಾಗುತ್ತದೆ. ಹಾಳೆ ಮಾರುವವರ ಹತ್ತಿರ ಈ ಅಂಕಿ ಇರುವ ಕಾಗದ ಕೇಳಿ ಪಡೆಯಿರಿ. ಮೈಕ್ರಾನ್ ಎಷ್ಟು ಎಂದು ಕೇಳಿದರೆ ಸಾಲದು.

ಸೀಲ್ ಸೋರಿದರೆ ಈ ಲೆಕ್ಕವೆಲ್ಲ ವ್ಯರ್ಥ. ಒಮ್ಮೆಗೆ ಮಾಡಿದ ಪ್ರತಿ ತಂಡದಿಂದ (ಬ್ಯಾಚಿನಿಂದ) ಐದು ಪೊಟ್ಟಣ ತೆಗೆದು ನೀರಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಬರಬಾರದು. ಸೀಲಿನ ಜಾಗಕ್ಕೆ ಎಳ್ಳೋ ಬೆಲ್ಲದ ಪುಡಿಯೋ ಸಿಕ್ಕಿಕೊಂಡಾಗ ಸೋರುವುದು ಹೆಚ್ಚು. ಒಳಗೇನಿದೆ ಕಾಣಲಿ ಎಂದು ಪಾರದರ್ಶಕ ಕಿಟಕಿ ಬಿಡುವುದನ್ನು ನಾವು ಒಪ್ಪುವುದಿಲ್ಲ. ಅಂಗಡಿಯ ಮುಂಬದಿಯ ಬೆಳಕು ಶೇಂಗಾಕ್ಕೆ ನೇರ ಹೊಡೆತ.

ಮಂಗಳೂರಿನ ಜುಲೈಗೂ ಕಲಬುರಗಿಯ ಮೇಗೂ ಒಂದೇ ಬಾರು ಹೋಗುವುದಾದರೆ ಎರಡು ಬೇರೆ ಬೇರೆ ಕೇಡುಗಳನ್ನು ಎಣಿಸಬೇಕು. ಅಲ್ಲಿ ತೇವ ಒಳಬಂದು ಮೆತ್ತಗಾಗುತ್ತದೆ. ಇಲ್ಲಿ 40 ಡಿಗ್ರಿ ದಾಟಿದ ಬಿಸಿಯಲ್ಲಿ, ಸಾಗಣೆ ಗಾಡಿಯೊಳಗೆ ಅದಕ್ಕೂ ಹೆಚ್ಚಿನ ಬಿಸಿಯಲ್ಲಿ, ತುಪ್ಪ ಕರಗಿ ಹೊರಬರುತ್ತದೆ, ಕಮಟು ಬೇಗ ಹುಟ್ಟುತ್ತದೆ.

ನಾಲಿಗೆಯ ಪರೀಕ್ಷೆ

ಅಧ್ಯಯನಕ್ಕೆ ಎಷ್ಟು ಬಾರು ಬೇಕು? ಒಂದೇ ತಂಡದ 10 ಕಿಲೋ, ಅಂದರೆ 250 ಬಾರು ಎತ್ತಿಡಿ. ಸುಮಾರು 100 ಬಾರು ಕೋಣೆಯ ಸಾಮಾನ್ಯ ಸ್ಥಿತಿಯಲ್ಲಿ, 100 ಬಾರು 38 ಡಿಗ್ರಿ, ಶೇ. 90 ತೇವದ ಪೆಟ್ಟಿಗೆಯಲ್ಲಿ, 50 ಬಾರು ಫ್ರೀಜರಿನಲ್ಲಿ ಮೈನಸ್ 18ರಲ್ಲಿ. ಫ್ರೀಜರಿನವೇ 'ತಾಜಾ' ಮಾದರಿ. ಅವಿಲ್ಲದೆ ಹೋಲಿಸಲು ಏನೂ ಇರುವುದಿಲ್ಲ, ಮೂರು ತಿಂಗಳ ಹಿಂದಿನ ರುಚಿ ಯಾರ ನಾಲಿಗೆಯಲ್ಲೂ ಉಳಿದಿರುವುದಿಲ್ಲ. 15 ದಿನಕ್ಕೊಮ್ಮೆ ಎರಡೂ ಕಡೆಯಿಂದ ಹತ್ತತ್ತು ಬಾರು ತೆಗೆಯಿರಿ: ಮೂರು ಅಳತೆಗೆ, ಏಳು ರುಚಿಗೆ. ಒಂದನ್ನು ನಾಲ್ಕು ತುಂಡು ಮಾಡಿದರೆ ಏಳು ಬಾರು 25 ಜನಕ್ಕೆ ಸಾಕು. ಬಿಸಿ ಪೆಟ್ಟಿಗೆಯ ಒಂದು ದಿನ ಕೋಣೆಯ ಎರಡು ದಿನಕ್ಕೆ ಸಮ ಎಂಬ ಲೆಕ್ಕ, ಹತ್ತು ಡಿಗ್ರಿ ಏರಿದರೆ ವೇಗ ಎರಡು ಪಟ್ಟು ಎಂಬ ಅಂದಾಜಿನದು. ಅದು ಕಮಟಿಗೆ ಸರಿ. ಅಂಟು, ಬಿರುಸುತನಕ್ಕೆ ಸರಿಹೊಂದುವುದಿಲ್ಲ. ಪೆಟ್ಟಿಗೆಯ ಫಲಿತಾಂಶ ಹಿಡಿದು ಮಾರಾಟ ಶುರುಮಾಡಿ, ಕೋಣೆಯ ಪರೀಕ್ಷೆಯನ್ನು ಮಾತ್ರ ಕೊನೆಯ ತನಕ ನಡೆಸಿ.

ರುಚಿ ನೋಡುವವರು ಬೆಳಿಗ್ಗೆ 10ರಿಂದ 11ರ ನಡುವೆ ಬರಲಿ, ಕಾಫಿ, ಎಲೆಅಡಿಕೆ, ಊಟ ಮುಗಿಸಿದ ಕೂಡಲೇ ಬೇಡ. ತಟ್ಟೆಯ ಮೇಲೆ ಮೂರಂಕಿಯ ಗುರುತು, 417, 862 ಹೀಗೆ. '1', 'ಎ' ಎಂದು ಬರೆದರೆ ಅದೇ ಮೊದಲನೆಯದು, ಒಳ್ಳೆಯದು ಎಂಬ ಭಾವನೆ ಬರುತ್ತದೆ. ಯಾವ ಮಾದರಿ ಮೊದಲು ಎಂಬುದು ಒಬ್ಬೊಬ್ಬರಿಗೆ ಬೇರೆ ಇರಲಿ. ನಡುವೆ ಬಾಯಿ ಮುಕ್ಕಳಿಸಲು ಉಗುರು ಬೆಚ್ಚಗಿನ ನೀರು, ಒಂದು ಹಿಡಿ ಉಪ್ಪಿಲ್ಲದ ಮಂಡಕ್ಕಿ. ತಯಾರಿಸಿದವರು ಆ ಕೋಣೆಯಲ್ಲಿ ಇರಬಾರದು, ಮುಖ ನೋಡಿ ಅಂಕ ಕೊಡುವುದು ನಮ್ಮ ಜನರ ಸೌಜನ್ಯ.

ಪೊಟ್ಟಣ ಬಿಚ್ಚಿದ ತಕ್ಷಣ ಮೂಗು. ಒಳಗೆ ಸೇರಿಕೊಂಡ ವಾಸನೆ ನಿಮಿಷದಲ್ಲಿ ಹಾರಿಹೋಗುತ್ತದೆ. ಆಮೇಲೆ ಮುರಿಯುವ ಸದ್ದು, ಮೊದಲ ಕಡಿತ, ಹತ್ತು ಸಲ ಅಗಿದ ಮೇಲೆ ಹಲ್ಲಿಗಂಟುವುದು, ನುಂಗಿ ಅರ್ಧ ನಿಮಿಷದ ನಂತರ ಉಳಿಯುವ ಕಹಿ, ಒಗರು. ಒಂಬತ್ತು ಅಂಕದ ಮಾಪಕ, 9 ಎಂದರೆ ತುಂಬಾ ತುಂಬಾ ಇಷ್ಟ, 5 ಎಂದರೆ ಇಷ್ಟವೂ ಇಲ್ಲ ಬೇಡವೂ ಇಲ್ಲ, 1 ಎಂದರೆ ಒಂಚೂರೂ ಬೇಡ. ಚೀಟಿಯಲ್ಲಿ ಕಮಟು, ಮುಗ್ಗಲು, ಗರಗರ, ಜಿಗುಟು, ಬಿರುಸು ಎಂಬ ನಮ್ಮ ಪದಗಳನ್ನೇ ಬರೆಯಿರಿ. ಕಮಟು ಮತ್ತು ಮುಗ್ಗಲಿನ ವ್ಯತ್ಯಾಸ ಎಲ್ಲರಿಗೂ ಒಂದೇ ಇರಲಿ ಎಂದು ಮೊದಲ ದಿನ ಹಳೇ ಶೇಂಗಾ ಎಣ್ಣೆಯ ಬಟ್ಟಲನ್ನೂ ತೇವ ಹಿಡಿದ ಗೋಣಿಯ ತುಂಡನ್ನೂ ಮೂಸಲು ಕೊಡಿ.

ಸರಾಸರಿ ಅಂಕ 6ಕ್ಕೆ ಇಳಿದ ದಿನವನ್ನು ಕೊನೆಯೆಂದು ಹಿಡಿಯುವುದು ವಾಡಿಕೆ. ನಾವು ಇನ್ನೊಂದು ಪ್ರಶ್ನೆಯನ್ನು ಹೆಚ್ಚು ನಂಬುತ್ತೇವೆ: 'ಮನೆಯಲ್ಲಿ ಇದು ಕೈಗೆ ಸಿಕ್ಕಿದ್ದರೆ ಪೂರ್ತಿ ತಿನ್ನುತ್ತಿದ್ದಿರಾ?' ಹೌದು ಅಥವಾ ಇಲ್ಲ. ಸರಾಸರಿ 7 ಇರುವಾಗಲೇ 25 ಜನರಲ್ಲಿ ಆರೇಳು ಜನ 'ಇಲ್ಲ' ಎಂದಿರಬಹುದು. ಕಮಟಿಗೆ ಮೂಗು ಚುರುಕಾದವರು ಅವರು, ಅವರೂ ಗಿರಾಕಿಗಳೇ. ಕಾಲುಭಾಗ ಜನ 'ಇಲ್ಲ' ಎಂದ ದಿನವನ್ನು ಮಿತಿ ಮಾಡಿಕೊಳ್ಳಿ. ಅದು 120ನೇ ದಿನವಾದರೆ ಪೊಟ್ಟಣದ ಮೇಲೆ 90 ದಿನ ಬರೆಯಿರಿ. ಉಳಿದ ಮೂವತ್ತು ದಿನ ಗಾಡಿಯ ಬಿಸಿಗೆ, ಅಂಗಡಿಯ ಬಿಸಿಲಿಗೆ.

ಬೆಲ್ಲದ ವ್ಯಾಪಾರಿಯನ್ನೋ ಹಾಳೆಯನ್ನೋ ಬದಲಿಸಿದಾಗ ತ್ರಿಕೋನ ಪರೀಕ್ಷೆ ಸಾಕು: ಮೂರು ತುಂಡು, ಎರಡು ಒಂದೇ, ಒಂದು ಬೇರೆ, ಬೇರೆಯದನ್ನು ಹುಡುಕಲು ಹೇಳಿ. 24 ಜನರಲ್ಲಿ 8 ಜನ ಸುಮ್ಮನೆ ಊಹಿಸಿಯೂ ಸರಿ ಹೇಳುತ್ತಾರೆ. 13 ಜನ ಸರಿ ಹೇಳಿದರೆ ವ್ಯತ್ಯಾಸ ನಿಜವಾಗಿ ಇದೆ, ಬಾಳಿಕೆಯನ್ನು ಮತ್ತೆ ಅಳೆಯಬೇಕು.

ಕೇಳಿದ ಕೆಲವು ಪ್ರಶ್ನೆಗಳು

ಪ್ರಿಸರ್ವೇಟಿವ್ ಹಾಕಿದರೆ ಬಾಳಿಕೆ ಹೆಚ್ಚುವುದಿಲ್ಲವೇ? ಬೂಷ್ಟು ತಡೆಯುವ ಪುಡಿಗಳಿಗೆ 0.5ರ ಬಾರಿನಲ್ಲಿ ಕೆಲಸವೇ ಇಲ್ಲ, ಅಲ್ಲಿ ಬೂಷ್ಟು ಬೆಳೆಯುವುದಿಲ್ಲ. ಕಮಟು ತಡೆಯಲು ವಿಟಮಿನ್ ಇ ಗುಂಪಿನ ಟೊಕೊಫೆರಾಲ್‌ನಂಥವು ಇವೆ, ಆದರೆ ಶೇಂಗಾ ತಾಜಾ ಇದ್ದಾಗ ಮಾತ್ರ ಅವು ಕಾಯುತ್ತವೆ. ಕಮಟು ಶುರುವಾದ ಶೇಂಗಾವನ್ನು ಯಾವುದೂ ಹಿಂದಕ್ಕೆ ತರುವುದಿಲ್ಲ.

ಬಾರಿನ ಮೇಲೆ ಬಿಳಿ ಮಚ್ಚೆ ಬಂದಿದೆ, ಬೂಷ್ಟೇ? ಬೆರಳಿನ ಬಿಸಿಗೆ ಕರಗಿದರೆ ತುಪ್ಪ, ನೀರಿನ ಹನಿಗೆ ಕರಗಿದರೆ ಸಕ್ಕರೆಯ ಹರಳು. ಎರಡಕ್ಕೂ ಕರಗದೆ ನೂಲುನೂಲಾಗಿ, ಉಣ್ಣೆಯಂತೆ ಇದ್ದರೆ ಬೂಷ್ಟು. ಆ ತಂಡವನ್ನೇ ಅಂಗಡಿಗಳಿಂದ ವಾಪಸು ತರಿಸಬೇಕು.

ಬೆಲ್ಲವೂ ಬೇಡ, ಖರ್ಜೂರದಲ್ಲೇ ಕಟ್ಟಿದ ಬಾರು ಎಷ್ಟು ದಿನ ಇರುತ್ತದೆ? ಅರೆದ ಖರ್ಜೂರದ ಬಾರಿನ ಅಂಕ ಸುಲಭವಾಗಿ 0.6 ದಾಟುತ್ತದೆ, ಕುದಿಸಿ ನೀರು ತೆಗೆಯುವ ಹಂತ ಅದರಲ್ಲಿಲ್ಲ. ಅರಳು ಮೊದಲ ವಾರದಲ್ಲೇ ಮೆತ್ತಗಾಗುತ್ತದೆ, ಆದ್ದರಿಂದ ಅರಳಿನ ಬದಲು ಹುರಿದ ರಾಗಿ ಹಿಟ್ಟು, ಹುರಿದ ಬೀಜ ಹಾಕಿ. ಅರೆದ ಖರ್ಜೂರವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ 60 ಡಿಗ್ರಿಯ ಡ್ರೈಯರ್‌ನಲ್ಲಿಟ್ಟು, ಜಾಡಿಯ ಮಾಪಕ 60ರ ಕೆಳಗೆ ತೋರಿಸುವ ತನಕ ಒಣಗಿಸಿ, ಆಮೇಲೆ ಕಲಸಿ. ಜಾಡಿಯ ಓದು 65 ಎಂದಿದ್ದರೆ ಅದನ್ನು ಫ್ರಿಜ್ಜಿನಲ್ಲಿಟ್ಟು ಮಾರುವ ತಿಂಡಿಯೆಂದೇ ಲೆಕ್ಕ ಹಾಕಿ, ವಾರದ ಬೇಡಿಕೆಗೆ ತಕ್ಕಷ್ಟೇ ಮಾಡಿ.